ಮುರಿದ ನುಡಿ, ಕಟ್ಟಿದ ಹಾಡು

ಕಾವ್ಯದಲ್ಲಿ ಹೊಸ ದಾರಿ ತುಳಿದವರು ಯಾರು ಎಂದು ಕೇಳಿದರೆ ನಮ್ಮ ವಿಮರ್ಶಕರು ಮೊದಲು ಪಶ್ಚಿಮದ ಕಡೆಗೇ ಮುಖ ಮಾಡುತ್ತಾರೆ. ಎಲಿಯಟ್ ಬರುತ್ತಾನೆ, ಪೌಂಡ್ ಬರುತ್ತಾನೆ, ಅವರ ಹಿಂದೆ ನಮ್ಮ ಅಡಿಗರು ಬರುತ್ತಾರೆ. ಬರಲಿ, ಬೇಡ ಅನ್ನೋರು ಯಾರು? ಅಡಿಗರು ದೊಡ್ಡ ಕವಿ, ಅದರಲ್ಲಿ ನಮಗೆ ಅನುಮಾನವಿಲ್ಲ. ಆದರೆ 1975ರಲ್ಲಿ ಮಾಗಡಿ ತಾಲ್ಲೂಕು ಮಂಚನಬೆಲೆಯ ಕೇರಿಯಲ್ಲಿ ಹುಟ್ಟಿದ ಹುಡುಗನೊಬ್ಬ ‘ಹೊಲೆಮಾದಿಗರ ಹಾಡು’ ಎಂಬ ಸಣ್ಣ ಪುಸ್ತಕ ತಂದಾಗ ಅದನ್ನು ಕಾವ್ಯಪ್ರಯೋಗ ಎಂದು ಕರೆಯಲು ಬಹಳ ಮಂದಿಗೆ ಬಾಯಿ ಬರಲಿಲ್ಲ. ಘೋಷಣೆ ಅಂದರು. ಆಕ್ರೋಶ ಅಂದರು. ಇನ್ನೂ ಕುದಿಯಬೇಕು, ಪಾಕ ಬಂದಿಲ್ಲ ಅಂದರು. ಸಿಟ್ಟಿದ್ದ ಕಡೆ ಕಲೆ ಇರೋದಿಲ್ಲ ಎಂಬ ಪೂರ್ವಗ್ರಹ ನಮ್ಮ ವಿಮರ್ಶೆಯಲ್ಲಿ ಆಳವಾಗಿ ಬೇರು ಬಿಟ್ಟಿದೆ. ಐವತ್ತು ವರ್ಷ ಕಳೆದ ಮೇಲೂ ಸಿದ್ಧಲಿಂಗಯ್ಯನವರ ಬಗ್ಗೆ ಬರೆಯುವವರು ಅವರ ಬಡತನ, ಅವರ ಹೋರಾಟ, ಅವರ ನಗೆ ಇವುಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಅವರು ಕನ್ನಡದ ಸಾಲನ್ನು ಏನು ಮಾಡಿದರು ಅನ್ನುವ ಜಾಗಕ್ಕೆ ಬಂದಾಗ ಪೆನ್ನು ಮುಚ್ಚಿಬಿಡುತ್ತಾರೆ.

ನಾವು ಇಲ್ಲಿ ಆ ಸಾಲಿನ ಬಗ್ಗೆ ಮಾತಾಡಬೇಕೆಂದಿದ್ದೇವೆ. ಅದಕ್ಕೆ ಸಾಕ್ಷಿಯಾಗಿ ದೂರದವನೊಬ್ಬನನ್ನು ಕರೆದಿದ್ದೇವೆ. ಅವನು ದಕ್ಷಿಣ ಅಮೆರಿಕದ ಪೆರು ದೇಶದ ಸೆಸಾರ್ ವಯೆಹೊ, ಸ್ಪ್ಯಾನಿಷ್ ಭಾಷೆಯ ಕವಿ. ನಮ್ಮ ಗೆಳೆಯರಿಗೆ ನೆರೂಡನ ಹೆಸರು ಚೆನ್ನಾಗಿ ಗೊತ್ತು, ವಯೆಹೊನ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಸಿದ್ಧಲಿಂಗಯ್ಯ ಇವನನ್ನು ಓದಿ ಬರೆದರು ಎಂದು ನಾವು ಹೇಳುತ್ತಿಲ್ಲ. ಅಂಥ ಋಣದ ಲೆಕ್ಕ ನಮಗೆ ಬೇಕಾಗಿಯೂ ಇಲ್ಲ. ಒಂದೇ ಥರದ ಏಟು ಕಂಡ ಇಬ್ಬರು ಭಾಷೆಯನ್ನು ಎರಡು ಥರ ಹಿಡಿದರು. ಒಬ್ಬ ಮುರಿದ, ಇನ್ನೊಬ್ಬರು ಕಟ್ಟಿದರು. ಯಾಕೆ ಹಾಗಾಯಿತು ಎಂಬುದು ನಮ್ಮ ಪ್ರಶ್ನೆ.

ಮೊದಲು ಒಂದು ಮಾತಿನ ವಿಚಾರ. ಹೊಸ ಕಲೆಗೆ ಫ್ರೆಂಚರು ‘ಅವಾಂಗಾರ್ದ್’ ಅನ್ನುತ್ತಾರೆ. ಅದು ಮೂಲದಲ್ಲಿ ಸೈನ್ಯದ ಮಾತು, ದಂಡಿನ ಮುಂದೆ ಹೋಗುವ ತುಕಡಿ ಎಂದು ಅರ್ಥ. ಕನ್ನಡದಲ್ಲಿ ಮುಂಚೂಣಿ ಎನ್ನಬಹುದು. ಮಾಗಡಿ, ಕನಕಪುರದ ಕಡೆ ಯಾವ ಹಳ್ಳಿಯ ಜಾತ್ರೆಗಾದರೂ ಹೋಗಿ ನೋಡಿ, ಮೆರವಣಿಗೆಯ ಮುಂಚೂಣಿಯಲ್ಲಿ ಇರೋನು ತಮಟೆಯವನು. ದೇವರ ಮುಂದೆ ಅವನೇ, ಹೆಣದ ಮುಂದೆಯೂ ಅವನೇ. ಊಟಕ್ಕೆ ಮಾತ್ರ ಅವನದು ಕೊನೇ ಪಂಕ್ತಿ. ಈ ಅರ್ಥದಲ್ಲಿ ಮುಂಚೂಣಿಯ ಕವಿ ಎಂಬ ಮಾತು ಸಿದ್ಧಲಿಂಗಯ್ಯನವರಿಗೆ ಪ್ಯಾರಿಸ್ಸಿನ ಯಾವ ಕವಿಗಿಂತಲೂ ಚೆನ್ನಾಗಿ ಒಪ್ಪುತ್ತದೆ.

1975 ಎಂಥ ವರ್ಷ ಎಂದು ನೆನೆಸಿಕೊಳ್ಳಿ. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಅಕ್ಟೋಬರಿನಲ್ಲಿ ಜೀತ ರದ್ದು ಮಾಡುವ ಸುಗ್ರೀವಾಜ್ಞೆ ಬಂತು, ಮಾರನೇ ವರ್ಷ ಅದೇ ಕಾಯಿದೆಯಾಯಿತು. ಇವೆರಡರ ನಡುವೆ, ಆಗಸ್ಟ್ 15ಕ್ಕೆ, ‘ಶೋಲೆ’ ಸಿನಿಮಾ ಬಿಡುಗಡೆಯಾಯಿತು. ಅದರಲ್ಲಿ ಬರುವ ರಾಮಗಢ ನಮ್ಮ ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ ಹಾಕಿದ ಸೆಟ್ಟು. ಇಡೀ ದೇಶ ನಮ್ಮ ಬಂಡೆಗಳನ್ನು ಬಾಯಿ ಬಿಟ್ಟುಕೊಂಡು ನೋಡಿತು. ಠಾಕೂರನ ಮನೆ, ಗುಡಿ, ಮಸೀದಿ, ನೀರಿನ ಟ್ಯಾಂಕು ಎಲ್ಲಾ ಇದ್ದ ಆ ಊರಿನಲ್ಲಿ ಕೇರಿ ಎಲ್ಲಪ್ಪಾ ಎಂದು ಕೇಳಿದವರನ್ನು ನಾವು ಕಂಡಿಲ್ಲ. ಮಂಚನಬೆಲೆಯನ್ನು ದಾಟಿ ಬರುವ ಅರ್ಕಾವತಿಯೇ ರಾಮನಗರಕ್ಕೂ ಕನಕಪುರಕ್ಕೂ ಹರಿಯುವುದು. ಸಿನಿಮಾ ಬಿಟ್ಟ ಕೇರಿ ಅದೇ ಹೊಳೆಯ ಮೇಲಿತ್ತು, ಅದೇ ವರ್ಷ ಪುಸ್ತಕವಾಗಿ ಹೊರಗೆ ಬಂತು.

ಸಿದ್ಧಲಿಂಗಯ್ಯ ಹುಟ್ಟಿದ್ದು 1954ರಲ್ಲಿ. ತಂದೆ ದೇವಯ್ಯ, ತಾಯಿ ವೆಂಕಟಮ್ಮ. ಕೂಲಿನಾಲಿಯ ಸಂಸಾರ ಬೆಂಗಳೂರಿನ ಶ್ರೀರಾಮಪುರದ ಕಡೆ ಬಂತು, ಹುಡುಗ ಗೋಪಾಲಪುರದ ಹಾಸ್ಟೆಲ್ಲು ಸೇರಿದ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರ ಬೂಸಾ ಮಾತು, ಅದರ ಮೇಲೆದ್ದ ಗಲಾಟೆ, ಏಟು ತಿಂದ ನಮ್ಮ ಹುಡುಗರು, ಅದರ ಬೆನ್ನಲ್ಲೇ ಕಟ್ಟಿದ ದಲಿತ ಸಂಘರ್ಷ ಸಮಿತಿ, ಇವೆಲ್ಲ ಓದುಗರಿಗೆ ಗೊತ್ತಿರುವ ಸಂಗತಿ, ಬೆಳೆಸುವುದಿಲ್ಲ. ಇಲ್ಲಿ ಗಮನಿಸಬೇಕಾದ್ದು ಇಷ್ಟೆ. ಈ ಹಾಡುಗಳು ಅಕ್ಷರ ಬಾರದವರ ಬಾಯಲ್ಲಿ ನಿಲ್ಲಬೇಕಾಗಿತ್ತು. ಒಮ್ಮೆ ಕೇಳಿದರೆ ಎರಡನೇ ಸಲಕ್ಕೆ ಜೊತೆಗೆ ಹೇಳುವಂತಿರಬೇಕಾಗಿತ್ತು. ಪುಸ್ತಕ ಕೊಳ್ಳಲು ದುಡ್ಡಿಲ್ಲದವನೂ ಮನೆಗೆ ಒಯ್ಯುವಂತಿರಬೇಕಾಗಿತ್ತು.

ಪುಸ್ತಕದ ಹೆಸರೇ ಒಂದು ಪ್ರಯೋಗ. ಬೈಗುಳವಾಗಿದ್ದ ಎರಡು ಜಾತಿ ಹೆಸರುಗಳನ್ನು ಮುಖಪುಟಕ್ಕೆ ತಂದರು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಎರಡನ್ನೂ ನಡುವೆ ಗೆರೆ ಹಾಕದೆ ಒಂದೇ ಪದ ಮಾಡಿದರು, ಅದನ್ನು ಹೇಳುವವರು ಕಡಿಮೆ. ನಮ್ಮ ಹಳ್ಳಿಗಳಲ್ಲಿ ಇವರ ಬಾವಿ ಬೇರೆ, ಅವರ ಬಾವಿ ಬೇರೆ, ಕೊಡೋದು ತರೋದು ಇಲ್ಲ. ವ್ಯಾಕರಣದಲ್ಲಿ ಸಮಾಸವಾದದ್ದು ಸಮಾಜದಲ್ಲಿ ಆಗಿರಲಿಲ್ಲ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ಮಾಡಿಕೊಟ್ಟ ಮೇಲೆ ನಮ್ಮ ನಮ್ಮಲ್ಲೇ ನಡೆದಿರುವ ಮಾತುಕತೆ, ಜಗಳ ಕೇಳಿದವರು ಈ ಹೆಸರನ್ನು ಇನ್ನೊಂದು ಸಲ ಓದಬೇಕು. ಪಾಲು ಕೇಳುವುದು ನ್ಯಾಯ. ಆದರೆ ಪಾಲಿನ ಲೆಕ್ಕ ಹಾಕುವಾಗ ಈ ಸಮಾಸ ಬಿಡಿಸಿಕೊಂಡು ಹೋಗಬೇಕಾಗಿಲ್ಲ.

ಇನ್ನು ಸಾಲಿನ ವಿಚಾರ. ಅವರ ‘ನನ್ನ ಜನಗಳು’ ಕವಿತೆಯಲ್ಲಿ ಕತೆಯಿಲ್ಲ, ಉಪಮೆ ಕಡಿಮೆ, ವಾದವಂತೂ ಇಲ್ಲವೇ ಇಲ್ಲ. ಅನುಭವಿಸಿದ ಕಷ್ಟ, ಮಾಡಿದ ಕೆಲಸ ಇವುಗಳಿಂದಲೇ ಜನರನ್ನು ಹೆಸರಿಸುತ್ತಾ ಹೋಗುವ ಪಟ್ಟಿ ಅದು. ಅದರ ಕ್ರಿಯಾಪದಗಳು ‘ಅವರು’ ಎಂದು ಮುಗಿಯುವುದಿಲ್ಲ, ನಮ್ಮ ಕಡೆಯ ಆಡುಮಾತಿನ ಹಾಗೆ ‘ಓರು’ ಎಂದು ಮುಗಿಯುತ್ತವೆ. ಬಂದವರು ಬೇರೆ, ಬಂದೋರು ಬೇರೆ. ಬಂದವರು ಎಂದರೆ ಯಾರೋ ದೂರ ನಿಂತು ಎಣಿಸುತ್ತಿದ್ದಾರೆ ಎಂದಾಗುತ್ತದೆ. ಬಂದೋರು ಎಂದಾಗ ಎಣಿಸುವವನೂ ಆ ಗುಂಪಿನಲ್ಲೇ ಇದ್ದಾನೆ. ಅದೇ ಕವಿತೆಯಲ್ಲಿ ‘ಸೈಜುಗಲ್ಲು’ ಎಂಬ ಪದ ಬರುತ್ತದೆ. ರಾಮನಗರ, ಮಾಗಡಿ ಕಡೆಯ ಬಂಡೆ ಕೆಲಸದವರ ಮಾತು ಇದು. ಅರ್ಧ ಇಂಗ್ಲಿಷು, ಅರ್ಧ ಕನ್ನಡ, ಪೂರ್ತಿ ಭಾರ. ನಮ್ಮ ಪಂಡಿತರು ಶಿಲೆ ಎಂದು ಬರೆಯುತ್ತಿದ್ದರು, ನವ್ಯರು ಬಂಡೆ ಎಂದು ಬರೆದು ಅದಕ್ಕೆ ಮನಶ್ಶಾಸ್ತ್ರದ ಅರ್ಥ ತುಂಬುತ್ತಿದ್ದರು. ಸೈಜುಗಲ್ಲು ಎಂದು ಬರೆಯಬೇಕಾದರೆ ಅದನ್ನು ಹೊತ್ತವರ ಮನೆಯಲ್ಲಿ ಉಂಡಿರಬೇಕು.

ಅಡಿಗರ ‘ಭೂಮಿಗೀತ’ 1959ರದು. ನವ್ಯರು ಛಂದಸ್ಸನ್ನು ಒಡೆದರು, ಪುರಾಣವನ್ನು ತಲೆಕೆಳಗು ಮಾಡಿದರು, ದೊಡ್ಡ ಕೆಲಸವೇ. ಆದರೆ ಒಡೆಯಲು ಮೊದಲು ಕೈಯಲ್ಲಿ ಇರಬೇಕಲ್ಲ! ಗೋಡೆ ಒಡೆದು ಗಾಳಿ ಬೆಳಕು ಮಾಡಿಕೊಳ್ಳೋನಿಗೆ ಮನೆಯಿದೆ. ಮನೆಯೇ ಇಲ್ಲದೋನು ಮೊದಲು ಕಂಬ ನೆಡಬೇಕು. ಕೇರಿಯ ಹುಡುಗನ ಕೈಗೆ ಷಟ್ಪದಿಯ ಪಿತ್ರಾರ್ಜಿತ ಬಂದಿರಲಿಲ್ಲ. ಬಂದದ್ದು ತಮಟೆಯ ಗತಿ, ಸೋಬಾನೆಯ ಪಲ್ಲವಿ, ಮಂಟೇಸ್ವಾಮಿಯ ಕತೆ ಹಾಡುವ ನೀಲಗಾರರ ಉಸಿರು. ಅದರಿಂದ ಕಟ್ಟಿದರು. ಕನ್ನಡ ಕಾವ್ಯದ ಒಳಗಿನವರಿಗೆ ಅದು ಹಳೇ ಜನಪದದ ಧಾಟಿ ಎನ್ನಿಸಿತು. ಒಳಗೆ ಬಿಟ್ಟುಕೊಳ್ಳದ ಒಂದು ಧಾಟಿ ಮೊದಲ ಸಲ ತನ್ನ ಹೆಸರಿನಲ್ಲೇ ಒಳಗೆ ಕಾಲಿಟ್ಟರೆ ಅದಕ್ಕಿಂತ ಹೊಸದು ಯಾವುದು ಎಂದು ನಾವು ಕೇಳುತ್ತೇವೆ.

ಈಗ ವಯೆಹೊನ ಕಡೆ ಬರೋಣ. ಅವನು 1892ರಲ್ಲಿ ಆಂಡೀಸ್ ಪರ್ವತದ ಸಾಂತಿಯಾಗೊ ದೆ ಚೂಕೊ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ. ಹನ್ನೊಂದು ಮಕ್ಕಳಲ್ಲಿ ಕಡೆಯವನು. ಅವನ ಇಬ್ಬರು ಅಜ್ಜಿಯರೂ ಅಲ್ಲಿನ ಮೂಲನಿವಾಸಿ ಹೆಂಗಸರು, ಇಬ್ಬರು ತಾತಂದಿರೂ ಸ್ಪೇನಿನಿಂದ ಬಂದ ಪಾದ್ರಿಗಳು. ಈ ಒಂದು ವಾಕ್ಯದಲ್ಲಿ ಪೆರುವಿನ ಚರಿತ್ರೆ ಇದೆ. ದೇವರ ಕೆಲಸಕ್ಕೆ ಬಂದವರ ಮಕ್ಕಳು ಯಾರ ಹೊಟ್ಟೆಯಲ್ಲಿ ಹುಟ್ಟಿದರು ಎಂಬುದು ದೇವದಾಸಿ ಬಿಡುವ ನಾಡಿನಲ್ಲಿದ್ದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಓದಿನ ಖರ್ಚಿಗೆಂದು ಅವನು ಕಬ್ಬಿನ ದೊಡ್ಡ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ಕೂಲಿಗಳು ಸಾಲದಲ್ಲಿ ಕಟ್ಟುಬಿದ್ದು ಬೆಳಗಿನ ಜಾವ ಕಬ್ಬಿನ ಗದ್ದೆಗೆ ಸಾಲುಗಟ್ಟುವುದನ್ನು ಕಂಡ. ಅದು ಜೀತವೇ, ಹೆಸರು ಬೇರೆ.

ಅವನ ಮೊದಲ ಸಂಕಲನ 1919ರಲ್ಲಿ ಓದುಗರ ಕೈ ಸೇರಿತು. ಅಲ್ಲಿ ಹಳೇ ಧಾಟಿ ಇನ್ನೂ ಇದೆ. ತಾನು ಕುಡಿಯುವ ಕಾಫಿ ಇನ್ನೊಬ್ಬ ಬಡವನ ಪಾಲಿನದಿರಬಹುದು ಎಂಬ ಅಳುಕು ಅದರಲ್ಲಿ ಆಗಲೇ ಬಂದಿದೆ. ಅದು ಓದುಗರ ಕೈ ಸೇರುವ ಮೊದಲೇ ತಾಯಿ ಸತ್ತಿದ್ದಳು. 1920ರಲ್ಲಿ ಅವನ ಊರಲ್ಲಿ ಗಲಭೆಯಾಗಿ ಅಂಗಡಿ ಸುಟ್ಟಿತು, ಆರೋಪ ಇವನ ಮೇಲೂ ಬಂತು. 112 ದಿನ ಜೈಲಿನಲ್ಲಿದ್ದ. ಅದಾದ ಮೇಲೆ 1922ರಲ್ಲಿ ಬಂದ ಪುಸ್ತಕ ‘ತ್ರಿಲ್ಸೆ’. ಆ ಪದ ಯಾವ ನಿಘಂಟಿನಲ್ಲೂ ಇಲ್ಲ. 77 ಕವಿತೆ, ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ಕೈದಿಗಳಿಗೆ ಹಾಕಿದ ಹಾಗೆ. ಅಚ್ಚಾದದ್ದೂ ಲಿಮಾ ಪಟ್ಟಣದ ಜೈಲಿನ ಅಚ್ಚುಕೂಟದಲ್ಲೇ. ಕಾಗುಣಿತ ತಪ್ಪಿಸಿದ, ನಾಮಪದವನ್ನು ಹಿಂಡಿ ಕ್ರಿಯಾಪದ ಮಾಡಿದ, ಸಾಲಿನ ನಡುವೆ ಅಂಕಿ ತುರುಕಿದ. ಸೆರೆಕೋಣೆಯ ನಾಲ್ಕು ಗೋಡೆಗಳ ಮೇಲೊಂದು ಕವಿತೆಯಿದೆ, ಅದರಲ್ಲಿ ಸತ್ತ ತಾಯಿಯ ನೆನಪು ಗೋಡೆಗಳಿಗೇ ಅಂಟಿಕೊಳ್ಳುತ್ತದೆ. ಆ ಕಾಲದ ಓದುಗರಿಗೆ ತಲೆಬುಡ ಹತ್ತಲಿಲ್ಲ.

ಯಾಕೆ ಮುರಿದ? ಯೂರೋಪಿನ ಫ್ಯಾಷನ್ನಿಗಾಗಿ ಎಂದು ಹೇಳುವವರಿದ್ದಾರೆ. ನಾವು ಒಪ್ಪುವುದಿಲ್ಲ. ಅವನು ಪ್ಯಾರಿಸ್ಸಿಗೆ ಹೋದದ್ದೇ 1923ರಲ್ಲಿ, ಪುಸ್ತಕ ಬಂದ ಮೇಲೆ. ಸ್ಪ್ಯಾನಿಷ್ ಅವನಿಗೆ ತಾತಂದಿರ ಭಾಷೆ. ಗೆದ್ದವರ ಭಾಷೆ. ತಾಯಿಯನ್ನು ನೆನೆಯೋದೂ ಅದರಲ್ಲೇ, ತೀರ್ಪು ಕೇಳೋದೂ ಅದರಲ್ಲೇ. ನ್ಯಾಯಾಧೀಶನ ವ್ಯಾಕರಣದಲ್ಲಿ ತನ್ನ ಸಂಕಟ ಹೇಳಿದರೆ ಅದು ಅರ್ಜಿಯಾಗುತ್ತದೆ, ಕವಿತೆಯಾಗುವುದಿಲ್ಲ. ಮತ್ತೆ ಇನ್ನೊಂದು ಕಾರಣ, ನಮ್ಮ ಮಟ್ಟಿಗೆ ಇದೇ ಮುಖ್ಯ. ಅವನ ಎದುರಿಗೆ ಯಾರೂ ಇರಲಿಲ್ಲ. ಕಬ್ಬಿನ ಗದ್ದೆಯ ಕೂಲಿಗಳು ಅವನ ಕವಿತೆಗೆ ಜೊತೆದನಿ ಕೊಡಲು ಲಿಮಾ ಪಟ್ಟಣಕ್ಕೆ ಬರುವಂತಿರಲಿಲ್ಲ. ಸಿದ್ಧಲಿಂಗಯ್ಯ ಬರೆಯುವಾಗ ಎದುರಿಗೆ ಜಾಥಾ ಇತ್ತು, ಹಾಸ್ಟೆಲ್ಲಿತ್ತು, ಬೀದಿಯಿತ್ತು. ಒಂಟಿಯಾದವನ ಭಾಷೆ ಒಡೆಯಿತು, ಗುಂಪಿನಲ್ಲಿ ನಿಂತವರ ಭಾಷೆ ಹಾಡಾಯಿತು. ಇದರಲ್ಲಿ ಮೇಲು ಕೀಳು ಇಲ್ಲ. ಕವಿಯ ಪ್ರತಿಭೆಯನ್ನು ಅಳೆಯುವವರು ಅವನ ಎದುರಿಗೆ ಯಾರು ನಿಂತಿದ್ದರು ಎಂದು ಮೊದಲು ನೋಡಲಿ ಎಂದಷ್ಟೇ ನಮ್ಮ ಮಾತು.

ಆದರೆ ವಯೆಹೊನ ಕತೆ ಅಲ್ಲಿಗೆ ನಿಲ್ಲಲಿಲ್ಲ. ಪ್ಯಾರಿಸ್ಸಿನಲ್ಲಿ ಹೊಟ್ಟೆಗಿಲ್ಲದೆ ಅಲೆದ, ಮೂರು ಸಲ ಸೋವಿಯತ್ ರಷ್ಯಾ ನೋಡಿ ಬಂದ, ಪೆರುವಿನ ಗಣಿಗಳಲ್ಲಿ ಇಂಡಿಯನ್ನರ ಗತಿ ಏನಾಯಿತೆಂದು 1931ರಲ್ಲಿ ಕಾದಂಬರಿ ಬರೆದ. 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾದಾಗ ಜನರ ಪಕ್ಷದಲ್ಲಿ ನಿಂತ. ಆಗ ಅವನ ಎದುರಿಗೆ ಮೊದಲ ಸಲ ಒಂದು ಸಮೂಹ ಬಂತು. ಆ ಯುದ್ಧದ ಮೇಲೆ ಬರೆದ ಕವಿತೆಗಳಲ್ಲಿ ಒಂದರ ಹೆಸರು ‘ಜನಸ್ತೋಮ’ ಎಂಬ ಅರ್ಥದ್ದು. ಯುದ್ಧದಲ್ಲಿ ಬಿದ್ದ ಹೋರಾಟಗಾರನನ್ನು ಒಬ್ಬ ಬಂದು ಸಾಯಬೇಡವೋ ಅನ್ನುತ್ತಾನೆ, ಆಮೇಲೆ ಇನ್ನಷ್ಟು ಜನ, ಆಮೇಲೆ ಸಾವಿರ, ಲಕ್ಷ. ಹೆಣ ಏಳುವುದಿಲ್ಲ. ಕಡೆಗೆ ಭೂಮಿಯ ಮೇಲಿನ ಅಷ್ಟೂ ಜನ ಸುತ್ತ ನಿಂತಾಗ ಎದ್ದು ನಡೆಯುತ್ತದೆ. ‘ತ್ರಿಲ್ಸೆ’ಯ ಗಂಟುಗಳು ಇಲ್ಲಿ ಒಂದೂ ಇಲ್ಲ. ಪಲ್ಲವಿಯಿದೆ, ಎಣಿಕೆಯಿದೆ, ನಮ್ಮ ಅಜ್ಜಿಯರು ಹೇಳುವ ಕತೆಯ ಹಾಗೆ ಏರುತ್ತಾ ಹೋಗುವ ಸಂಖ್ಯೆಯಿದೆ. ಮುರಿದ ನುಡಿ ಹಾಡಿನ ಹತ್ತಿರ ಬಂತು. 1938ರ ಏಪ್ರಿಲ್ 15ರಂದು ಅವನು ಪ್ಯಾರಿಸ್ಸಿನಲ್ಲಿ ಸತ್ತ, ಈ ಕವಿತೆಗಳನ್ನು 1939ರಲ್ಲಿ ಸ್ಪೇನಿನ ಸೈನಿಕರು ತಾವೇ ಅಚ್ಚು ಹಾಕಿದರು.

ಸಿದ್ಧಲಿಂಗಯ್ಯನವರ ‘ಸಾವಿರಾರು ನದಿಗಳು’ ಸಂಕಲನ ಬಂದದ್ದು 1979ರಲ್ಲಿ, ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ವರ್ಷವೇ. ಅಲ್ಲಿಯೂ ನಾಯಕ ಜನಸ್ತೋಮವೇ. ಆದರೆ ವಯೆಹೊ ಕಡೆಯಲ್ಲಿ ಮುಟ್ಟಿದ ಜಾಗದಿಂದ ಇವರು ಶುರು ಮಾಡಿದ್ದರು. ಹಾಗಾದರೆ ಇವರ ಮುಂದಿನ ದಾರಿ ಯಾವುದಾಗಿತ್ತು? ನಮ್ಮ ತಕರಾರು ಇಲ್ಲಿಂದ ಶುರುವಾಗುತ್ತದೆ.

ಹಾಡಿಗೆ ಒಂದು ಅಪಾಯ ಇದೆ. ಅದನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. ನಲವತ್ತೇಳರ ಸ್ವಾತಂತ್ರ್ಯವನ್ನು ಕಟಕಟೆಗೆ ತಂದ ಅವರ ಹಾಡನ್ನು ಈಗ ಸರ್ಕಾರಿ ವೇದಿಕೆಗಳಲ್ಲೂ ಕೇಳುತ್ತೇವೆ. ಮುಂದಿನ ಸಾಲಿನಲ್ಲಿ ಕೂತ ದೊಡ್ಡೋರು ತಾಳ ಹಾಕುತ್ತಾರೆ. ಚನ್ನಪಟ್ಟಣದಲ್ಲಿ ಹಾಲೆಮರದ ತುಂಡನ್ನು ಲೇತಿಗೆ ಕೊಟ್ಟು ಅರಗಿನ ಬಣ್ಣ ಹಿಡಿಸಿದ ಹಾಗೆ, ಬಾಯಿಂದ ಬಾಯಿಗೆ ತಿರುಗಿ ತಿರುಗಿ ಹಾಡು ನುಣ್ಣಗಾಗುತ್ತದೆ, ಮಗುವಿನ ಕೈಗೆ ಕೊಟ್ಟರೂ ಚುಚ್ಚುವುದಿಲ್ಲ. ಶಾಲೆಯ ಕಂಠಪಾಠ ಸ್ಪರ್ಧೆಗೆ ಇವರ ಪದ್ಯ ಹೇಳಿಕೊಡುವ ಮೇಷ್ಟ್ರುಗಳಿಗೆ ಇದು ಗೊತ್ತು. ರಾಗ ಚೆನ್ನಾಗಿ ಬಂದವನಿಗೆ ಬಹುಮಾನ. ರಾಮನಗರ, ಚನ್ನಪಟ್ಟಣದ ನಡುವೆ ಹೆದ್ದಾರಿ ಪಕ್ಕದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಒಳ್ಳೆಯ ಕೆಲಸ, ನಾವೂ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಆದರೆ ಗೋಡೆಗೆ ತೂಗುಹಾಕಿದ ವಾದ್ಯ ಯಾರಿಗೂ ಕಿರಿಕಿರಿ ಮಾಡುವುದಿಲ್ಲ ಎಂಬುದೂ ಅಲ್ಲಿ ತಿಳಿಯುತ್ತದೆ. 1983ರ ‘ಕಪ್ಪು ಕಾಡಿನ ಹಾಡು’ ಬರುವ ಹೊತ್ತಿಗೆ ಲಯ ಇನ್ನೂ ಪಳಗಿತು, ಸೈಜುಗಲ್ಲಿನಂಥ ಮಾತು ವಿರಳವಾಯಿತು. ಅದೇ ವರ್ಷ ಪುಟ್ಟಣ್ಣ ಕಣಗಾಲರ ಸಿನಿಮಾಕ್ಕೂ ಅವರ ಹಾಡು ಹೋಯಿತು. ಸಿನಿಮಾಕ್ಕೆ ಬರೆದದ್ದು ತಪ್ಪೆಂದು ನಾವು ಹೇಳುವುದಿಲ್ಲ. ಬೀದಿಗೆ ಬರೆದ ಲಯ ಅಲ್ಲಿಗೂ ಸಲೀಸಾಗಿ ಹೊಂದಿಕೊಂಡಿತಲ್ಲ, ಅದನ್ನು ಯೋಚಿಸಬೇಕು. ‘ತ್ರಿಲ್ಸೆ’ಯ ಒಂದು ಸಾಲನ್ನೂ ಯಾವ ಮಂತ್ರಿಯ ಸಭೆಯಲ್ಲೂ ಹಾಡೋಕಾಗದು.

1988ರಲ್ಲಿ ಅವರು ವಿಧಾನ ಪರಿಷತ್ತಿಗೆ ಹೋದರು, ಎರಡು ಅವಧಿ ಅಲ್ಲಿದ್ದರು. ಪ್ರಾಧಿಕಾರಗಳ ಕುರ್ಚಿ ಬಂತು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಬಂತು. ಆಳುವವರ ಪಕ್ಕ ಹೋಗಿ ಕೂತರಲ್ಲಾ ಎಂಬ ಕೋಪ ನಮ್ಮ ಚಳವಳಿಯಲ್ಲಿ ಬಹಳ ಕಾಲ ಇತ್ತು, ಈಗಲೂ ಕೆಲವರಲ್ಲಿ ಇದೆ. ಆ ಕೋಪದ ಮಾತು ಬೇರೆ ಕಡೆ ಆಡೋಣ. ಮೊದಲು ಬೆಂಕಿ, ಆಮೇಲೆ ಬೂದಿ ಎಂದು ಅವರ ಬರವಣಿಗೆಯನ್ನು ಎರಡು ಭಾಗ ಮಾಡಿ ಕೈ ತೊಳೆದುಕೊಳ್ಳುವ ಸೋಮಾರಿ ವಿಮರ್ಶೆ ಮಾತ್ರ ನಮಗೆ ಒಪ್ಪಿಗೆಯಿಲ್ಲ. ಯಾಕೆಂದರೆ ಆ ಲೆಕ್ಕದಲ್ಲಿ ‘ಊರುಕೇರಿ’ ಎಲ್ಲಿಗೆ ಸೇರುತ್ತದೆ?

ಹಾಡು ಹೇಳಲಾಗದ್ದನ್ನು ಸಿದ್ಧಲಿಂಗಯ್ಯ ಈ ಆತ್ಮಕತೆಯ ಗದ್ಯದಲ್ಲಿ ಹೇಳಿದರು ಎಂಬುದು ನಮ್ಮ ಅಭಿಪ್ರಾಯ. ಅದರಲ್ಲಿ ಮಂಚನಬೆಲೆಯ ಒಂದು ದೃಶ್ಯ ಇದೆ. ಹುಡುಗ ಹೊಲದ ಕಡೆ ನೋಡುತ್ತಾನೆ. ನೊಗಕ್ಕೆ ಎತ್ತಿನ ಬದಲು ಇಬ್ಬರು ಮನುಷ್ಯರು ಹೆಗಲು ಕೊಟ್ಟಿದ್ದಾರೆ, ಹಿಂದಿನಿಂದ ಒಬ್ಬ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬ ಅವನ ಅಪ್ಪ. ಇದೇ ಸಂಗತಿ 1975ರ ಹಾಡಾಗಿದ್ದರೆ ತಮಟೆ ಗುಡುಗುತ್ತಿತ್ತು, ನಾವೆಲ್ಲ ಮುಷ್ಟಿ ಎತ್ತುತ್ತಿದ್ದೆವು. ಇಲ್ಲಿ ಗುಡುಗಿಲ್ಲ. ವಾಕ್ಯ ಸಣ್ಣದು, ವಿಶೇಷಣ ಇಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳಿ ಮುಂದೆ ಹೋಗುತ್ತದೆ. ಸ್ಮಶಾನದಲ್ಲಿ ಕೂತು ಓದಿದ್ದು, ಹಸಿವು, ಹಾಸ್ಟೆಲ್ಲಿನ ಪಡಿಪಾಟಲು ಎಲ್ಲವೂ ಇದೇ ದನಿಯಲ್ಲಿ ಬರುತ್ತವೆ, ಜೊತೆಗೆ ನಗೆ ಬೇರೆ. ಡಿ.ಆರ್. ನಾಗರಾಜ್ ಈ ನಗೆಯ ಶಕ್ತಿಯ ಬಗ್ಗೆ ಬರೆದದ್ದು ನಮ್ಮ ವಿಮರ್ಶೆಯ ಒಳ್ಳೆಯ ಬರಹಗಳಲ್ಲಿ ಒಂದು. ನಾವು ಅದಕ್ಕೆ ಸೇರಿಸುವುದಿಷ್ಟು. ಆ ನಗೆ ಓದುಗನಿಗೆ ಹಾಡುವ ಅವಕಾಶ ಕೊಡುವುದಿಲ್ಲ. ಜೊತೆದನಿ ಸೇರಿಸಲು ಜಾಗವಿಲ್ಲ, ಕಣ್ಣೀರಿಟ್ಟು ಹಗುರಾಗಲೂ ಬಿಡದು. ನಗೋಣ ಅಂದರೆ ಅಪ್ಪನ ಹೆಗಲ ಮೇಲೆ ನೊಗ ಇದೆ. ವಯೆಹೊ ಕಾಗುಣಿತ ಮುರಿದು ಮಾಡಿದ ಕೆಲಸವನ್ನು ಇವರು ಸರಳ ಕನ್ನಡದಲ್ಲಿ, ಒಂದು ಅಕ್ಷರ ಮುರಿಯದೆ ಮಾಡಿದ್ದಾರೆ. ಆದ್ದರಿಂದ ನಮ್ಮ ಮಟ್ಟಿಗೆ ಸಿದ್ಧಲಿಂಗಯ್ಯ ಎರಡು ಸಲ ಮುಂಚೂಣಿಗೆ ಹೋದವರು, ಹಾಡಿನಲ್ಲಿ ಒಂದು ಸಲ, ಹಾಡು ಬಿಟ್ಟು ಇನ್ನೊಂದು ಸಲ.

ಈಗ ಬರೆಯುತ್ತಿರುವ ನಮ್ಮ ಹುಡುಗ ಹುಡುಗಿಯರು ಮೊದಲನೆಯದನ್ನು ಮಾತ್ರ ಕಲಿತಿದ್ದಾರೆ. ಕವಿಗೋಷ್ಠಿಗಳಲ್ಲಿ ಕೇಳುತ್ತೇವಲ್ಲ, ಅದೇ ಗತಿ, ಅದೇ ಪ್ರಾಸ, ಅದೇ ಬೆಂಕಿ. ಎದುರಿಗೆ ಆ ಜಾಥಾ ಇಲ್ಲ, ಆದರೂ ಜಾಥಾದ ದನಿ. ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಬಿಸಿನೀರಿಗೆ ಕೈಯಿಟ್ಟು ಬೆರಳು ಬೆಳ್ಳಗಾದ ಹೆಂಗಸು, ಬಿಡದಿಯ ಕಾರ್ಖಾನೆಗೆ ಗುತ್ತಿಗೆ ಮೇಲೆ ಹೋಗಿಬರುವ ಹುಡುಗ, ಇವರ ಒಂಟಿ ಮಾತಿಗೆ ಆ ಪಲ್ಲವಿ ಹೊಂದುವುದಿಲ್ಲ. ಮೊದಲ ಹಾಡುಗಳಲ್ಲಿ ಹೆಣ್ಣಿನ ದನಿ ಎಷ್ಟು ಕಡಿಮೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಸಿದ್ಧಲಿಂಗಯ್ಯ 2021ರ ಜೂನ್ 11ರಂದು ಕೊರೋನಾದಿಂದ ತೀರಿಕೊಂಡರು. ಮೆರವಣಿಗೆ ಮಾಡುವ ಕಾಲವಲ್ಲ ಅದು, ಸಾವಿರಾರು ಜನ ಸೇರಬೇಕಾದ ಮಣ್ಣಿಗೆ ಜನ ಸೇರುವಂತಿರಲಿಲ್ಲ. ಅವರು ಹುಟ್ಟಿದ ಸೀಮೆ 1986ರಲ್ಲಿ ಬೆಂಗಳೂರು ಗ್ರಾಮಾಂತರವಾಯಿತು, 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಲು ಸಂಪುಟ ಒಪ್ಪಿತು. ಬೋರ್ಡು ಬದಲಾಗುವ ಹಾಗೆ ಹಾಡಿನ ಮಾತೂ ಬಾಯಿಂದ ಬಾಯಿಗೆ ಬದಲಾಗಿರುತ್ತದೆ. ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರದ ಮೇಷ್ಟ್ರುಗಳನ್ನು, ಹಾಸ್ಟೆಲ್ಲಿನ ಹುಡುಗರನ್ನು ನಾವು ಕೇಳುವುದಿಷ್ಟೆ. ನಿಮ್ಮ ಕೇರಿಯಲ್ಲಿ ‘ಹೊಲೆಮಾದಿಗರ ಹಾಡು’ ಪುಸ್ತಕವನ್ನು ಕಣ್ಣಲ್ಲೂ ಕಾಣದ ವಯಸ್ಸಾದೋರು ಅದರ ಹಾಡುಗಳನ್ನು ಹೇಗೆ ಹೇಳುತ್ತಾರೆ, ಯಾವ ಪದ ಬಿಟ್ಟಿದ್ದಾರೆ, ಯಾವುದನ್ನು ಸೇರಿಸಿದ್ದಾರೆ, ಬರೆದು ಕಳಿಸಿ. ತಿದ್ದಬೇಡಿ. ಅವರು ಹೇಳಿದ ಹಾಗೇ ಬರೆಯಿರಿ.